ಮಾರ್ಚ್ ರಜೆಗೆ ವಲೆನ್ಸಿಯಾ: ಕಲಬುರಗಿ ಕಡೆಯಿಂದ ಓದಲು ಹೋದವರಿಗೆ

ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಫೆಬ್ರುವರಿ ಬಂತೆಂದರೆ ಒಂದೇ ಮಾತು ಹೇಳುತ್ತಾರೆ: ಬಿಸಿಲು ನೋಡಬೇಕು. ನವೆಂಬರ್‌ನಿಂದ ಬೂದು ಆಕಾಶ ನೋಡಿ ನೋಡಿ ಸಾಕಾಗಿರುತ್ತದೆ, ಪರೀಕ್ಷೆಗಳು ಮುಗಿಯುತ್ತಾ ಬಂದಿರುತ್ತವೆ, ವಿಶ್ವವಿದ್ಯಾಲಯಗಳಲ್ಲಿ ಮುಂದಿನ ಸೆಮಿಸ್ಟರ್ ತರಗತಿ ಶುರುವಾಗುವುದು ಏಪ್ರಿಲ್ ಮಧ್ಯಕ್ಕೆ. ನಡುವಿನ ಈ ರಜೆಯಲ್ಲಿ ಎಲ್ಲಿಗೆ ಹೋಗಲಿ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಸ್ಪೇನಿನ ವಲೆನ್ಸಿಯಾ. ಮೆಡಿಟರೇನಿಯನ್ ದಂಡೆಯ ಊರು, ಮಾರ್ಚ್‌ನಲ್ಲಿ ಹಗಲು 20 ಡಿಗ್ರಿ ಆಸುಪಾಸು, ಬಾರ್ಸಿಲೋನಾಗಿಂತ ಖರ್ಚು ಕಡಿಮೆ, ಊರು ಸಪಾಟು. ನಡೆದೇ ಸುತ್ತಬಹುದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಊರಿಗೆ ಹೋಗಿ. ವಾರದಲ್ಲಿ ನಾಲ್ಕು ದೇಶ ನೋಡುತ್ತೇನೆ ಅಂತ ಪ್ಲಾನ್ ಹಾಕಿದವರು ನೋಡುವುದು ಬಸ್ ಸ್ಟ್ಯಾಂಡ್ ಮತ್ತು ಏರ್‌ಪೋರ್ಟ್ ಮಾತ್ರ, ಅದರಲ್ಲೂ ಅರ್ಧ ನಿದ್ದೆಯಲ್ಲಿ. ಒಂದೇ ಊರಿನಲ್ಲಿ ಐದಾರು ದಿನ ಇದ್ದರೆ ಮೂರನೇ ದಿನಕ್ಕೆ ಯಾವ ಬೇಕರಿಯಲ್ಲಿ ಬ್ರೆಡ್ ಚೆನ್ನಾಗಿದೆ, ಯಾವ ಓಣಿಯಲ್ಲಿ ಸಂಜೆ ನೆರಳು ಬರುತ್ತದೆ ಅನ್ನುವುದೆಲ್ಲ ಗೊತ್ತಾಗುತ್ತದೆ. ರಜೆ ಅಂದರೆ ಅದೇ ಅಲ್ವಾ?

ಮೊದಲು ಕಾಗದಪತ್ರ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಚಾಲ್ತಿಯಲ್ಲಿದ್ದರೆ ಸ್ಪೇನಿಗೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಬೇರೆ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟದಲ್ಲಿ, ಇರಬಹುದು. ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಬೇಕು, ಫೋಟೋ ತೋರಿಸಿದರೆ ಆಗುವುದಿಲ್ಲ. ಕಾರ್ಡಿನ ಅವಧಿ ಮುಗಿದಿದ್ದು ಕೈಯಲ್ಲಿ ತಾತ್ಕಾಲಿಕ ಕಾಗದ ಮಾತ್ರ ಇದ್ದರೆ, ನಿಮ್ಮೂರಿನ ವಿದೇಶಿಯರ ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವ ತನಕ ಟಿಕೆಟ್ ಬುಕ್ ಮಾಡಬೇಡಿ. ಇಂಗ್ಲೆಂಡ್ ಅಥವಾ ಐರ್ಲೆಂಡಿನಲ್ಲಿ ಓದುವವರ ಲೆಕ್ಕ ಬೇರೆ. ಆ ಎರಡೂ ದೇಶ ಷೆಂಗೆನ್ ಒಳಗಿಲ್ಲ, ಹಾಗಾಗಿ ನೀವು ವೀಸಾ ಮಾಡಿಸಲೇಬೇಕು. ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ನಿಯಮದ ಪ್ರಕಾರ 15 ದಿನ ಸಾಕು, ಆದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮಾರ್ಚ್ ಪ್ರವಾಸಕ್ಕೆ ಡಿಸೆಂಬರ್‌ನಲ್ಲೇ ಕೆಲಸ ಶುರು ಮಾಡಿ.

ಯಾವ ದಿನಾಂಕ ಅನ್ನುವುದು ನಿಜವಾಗಿ ಯೋಚಿಸಬೇಕಾದ ವಿಷಯ. ಮಾರ್ಚ್ 15ರಿಂದ 19ರವರೆಗೆ ವಲೆನ್ಸಿಯಾದಲ್ಲಿ ಫಾಯಾಸ್ ಹಬ್ಬ. ಓಣಿ ಓಣಿಯ ಜನ ವರ್ಷವಿಡೀ ದುಡ್ಡು ಕೂಡಿಸಿ, ಹಲವು ಮಹಡಿ ಎತ್ತರದ ಬೊಂಬೆಗಳ ಗೋಪುರ ಕಟ್ಟಿಸುತ್ತಾರೆ. ರಾಜಕಾರಣಿಗಳನ್ನು, ಊರಿನ ದೊಡ್ಡವರನ್ನು ಅದರಲ್ಲಿ ಲೇವಡಿ ಮಾಡಿರುತ್ತಾರೆ. 19ರ ರಾತ್ರಿ ಅವನ್ನೆಲ್ಲ ಸುಟ್ಟುಬಿಡುತ್ತಾರೆ. ಪ್ರತಿ ವರ್ಷ ಜನರ ಮತದಿಂದ ಗೆದ್ದ ಬೊಂಬೆಯನ್ನು ಬೆಂಕಿಯಿಂದ ಉಳಿಸಿ ಮ್ಯೂಸಿಯಮ್ಮಿಗೆ ಕಳಿಸುತ್ತಾರೆ. 2016ರಲ್ಲಿ ಯುನೆಸ್ಕೋ ಈ ಹಬ್ಬವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾರ್ಚ್ 1ರಿಂದ 19ರವರೆಗೆ ಪ್ರತಿದಿನ ಮಧ್ಯಾಹ್ನ 2 ಗಂಟೆಗೆ ನಗರಸಭೆ ಮುಂದಿನ ಚೌಕದಲ್ಲಿ ಪಟಾಕಿ ಹೊಡೆಯುತ್ತಾರೆ, ಅದಕ್ಕೆ ಮಾಸ್ಕ್ಲೆತಾ ಅನ್ನುತ್ತಾರೆ. ಹಗಲು ಹೊತ್ತಿನಲ್ಲಿ ಪಟಾಕಿ ಯಾಕೆ ಅನ್ನಿಸಬಹುದು. ಅದು ನೋಡುವ ಪಟಾಕಿ ಅಲ್ಲ, ಕೇಳುವ ಪಟಾಕಿ. ಮೊದಲು ನಿಧಾನ, ಆಮೇಲೆ ತಾಳ ಏರುತ್ತಾ ಏರುತ್ತಾ ಕೊನೆಯ ಹೊತ್ತಿಗೆ ಎದೆಯೊಳಗೆ ಬಡಿದ ಹಾಗಾಗುತ್ತದೆ, ಕಾಲ ಕೆಳಗಿನ ನೆಲ ನಡುಗುತ್ತದೆ, ಹೊಗೆ ಇಡೀ ಚೌಕ ತುಂಬಿ ಮೇಲಿನ ಬಾಲ್ಕನಿಯಲ್ಲಿ ನಿಂತವರು ಕಾಣದಂತಾಗುತ್ತದೆ, ತಕ್ಷಣ ಸಾವಿರಾರು ಜನ ಚಪ್ಪಾಳೆ ಹೊಡೆಯುತ್ತಾರೆ. ಒಂದು ಗಂಟೆಗೇ ಹೋಗಿ ನಿಲ್ಲಿ, ಬಾಯಿ ಸ್ವಲ್ಪ ತೆರೆದಿಟ್ಟುಕೊಳ್ಳಿ, ಕಿವಿಗೆ ಒತ್ತಡ ಕಡಿಮೆಯಾಗುತ್ತದೆ ಅಂತ ಅಲ್ಲಿಯವರೇ ಹೇಳುತ್ತಾರೆ.

ಹಬ್ಬ ಬೇಕಾದರೆ ಮೂರ್ನಾಲ್ಕು ತಿಂಗಳು ಮೊದಲೇ ಹಾಸ್ಟೆಲ್ ಬುಕ್ ಮಾಡಿ, ಆ ವಾರ ದರ ದುಪ್ಪಟ್ಟಿಗಿಂತ ಜಾಸ್ತಿ ಆಗುವುದೂ ಉಂಟು. ರಾತ್ರಿ ನಿದ್ದೆ ಸಿಗುವುದಿಲ್ಲ, ಇಯರ್‌ಪ್ಲಗ್ ಇರಲಿ. ಸುಡುವ ರಾತ್ರಿ ಹತ್ತಿ ಬಟ್ಟೆ ಹಾಕಿಕೊಳ್ಳಿ, ಕಿಡಿ ಹಾರಿ ಬಿದ್ದರೆ ಸಿಂಥೆಟಿಕ್ ಜಾಕೆಟ್ ಕರಗುತ್ತದೆ. ಗದ್ದಲ ಆಗದವರು, ದುಡ್ಡು ಉಳಿಸಬೇಕಾದವರು ಮಾರ್ಚ್ 20ರ ನಂತರ ಹೋಗಿ. ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ಹಬ್ಬದ ನಂತರದ ದಿನಗಳೇ ಒಳ್ಳೆಯದು, ಊರು ಸಮಾಧಾನವಾಗಿರುತ್ತದೆ. ಈಸ್ಟರ್ ವಾರದಲ್ಲಿ ಮಾತ್ರ ಮತ್ತೆ ದರ ಏರುತ್ತದೆ, 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತದೆ.

ವಿಮಾನದ ಅಗ್ಗದ ಟಿಕೆಟ್ ನೋಡಿ ಖುಷಿಯಾಗುವ ಮೊದಲು ಬ್ಯಾಗಿನ ಅಳತೆ ನೋಡಿ. ಕಡಿಮೆ ದರದ ಕಂಪನಿಗಳಲ್ಲಿ ಸೀಟಿನ ಕೆಳಗೆ ಹೋಗುವ ಸಣ್ಣ ಬ್ಯಾಗ್ ಮಾತ್ರ ಪುಕ್ಕಟೆ. ಒಂದು ಸೆಂಟಿಮೀಟರ್ ಹೆಚ್ಚಾದರೂ ಗೇಟಿನಲ್ಲಿ ಟಿಕೆಟ್‌ಗಿಂತ ಜಾಸ್ತಿ ಕೇಳಿಬಿಡಬಹುದು. ಭಾರತದ ಪಾಸ್‌ಪೋರ್ಟ್ ಇರುವವರು ಕೌಂಟರಿನಲ್ಲಿ ದಾಖಲೆ ತೋರಿಸಬೇಕಾಗಬಹುದು, ಅದಕ್ಕೆ ಸಮಯ ಇಟ್ಟುಕೊಂಡು ಹೋಗಿ. ನೇರ ವಿಮಾನ ದುಬಾರಿ ಇದ್ದರೆ ಮ್ಯಾಡ್ರಿಡ್‌ಗೆ ಇಳಿದು ರೈಲು ಹತ್ತಿ, ಹೈಸ್ಪೀಡ್ ರೈಲಿನಲ್ಲಿ ಎರಡು ಗಂಟೆಯೊಳಗೆ ವಲೆನ್ಸಿಯಾ. ಇಳಿಯುವ ನಿಲ್ದಾಣದ ಹೆಸರು ಜೊವಾಕೀನ್ ಸೊರೋಯಾ. ಇದೇ ಊರಿನಲ್ಲಿ 1863ರಲ್ಲಿ ಹುಟ್ಟಿದ ಚಿತ್ರಕಾರ, ಈ ಕಡಲ ಬಿಸಿಲನ್ನೇ ಜೀವನವಿಡೀ ಬರೆದವನು.

ತಿನ್ನುವ ಸಾಮಾನು ಒಯ್ಯಿರಿ. ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಪುಟಾಣಿ ಚಟ್ನಿ ಕೆಡುವುದಿಲ್ಲ, ತೂಕವೂ ಕಡಿಮೆ. ಉಪ್ಪಿನಕಾಯಿ ಕೈಬ್ಯಾಗಿನಲ್ಲಿ ಬೇಡ, ಸೆಕ್ಯುರಿಟಿಯಲ್ಲಿ ಅದನ್ನು ದ್ರವ ಅಂತಲೇ ಲೆಕ್ಕ ಹಾಕುತ್ತಾರೆ. ಊರಿನಲ್ಲಿರುವ ಅವ್ವಂದಿರಿಗೂ ಒಂದು ಮಾತು: ಮಗ ಪ್ರವಾಸ ಹೊರಟಿದ್ದಾನೆ ಅಂತ ಯಾರಾದರೂ ಹೋಗುವವರ ಕೈಯಲ್ಲಿ ತುಪ್ಪ, ಪೇಢಾ, ಖೋವಾ ಕಳಿಸಬೇಡಿ. ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ಕಂಡರೆ ಕಸದ ಡಬ್ಬಿಗೆ ಹಾಕುತ್ತಾರೆ. ಹಿಂಡಿ, ರೊಟ್ಟಿ ಕಳಿಸಿ.

ಏರ್‌ಪೋರ್ಟಿನಿಂದ ಊರೊಳಗೆ ಮೆಟ್ರೋ ಇದೆ, 3 ಮತ್ತು 5ನೇ ಲೈನ್, ಅರ್ಧ ಗಂಟೆಯೂ ಬೇಡ. ಏರ್‌ಪೋರ್ಟ್ ವಲಯದ ದರ ಬೇರೆ, ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಟಿಕೆಟ್ ಬಿಸಾಡಬೇಡಿ, ಹೊರಗೆ ಬರುವಾಗಲೂ ಬೇಕು. ಉಳಿಯಲು ಹಳೇ ಊರು ಅಥವಾ ರುಸಾಫಾ ಬಡಾವಣೆ ನೋಡಿ. ಹುಡುಗಿಯರಿಗೆ ಪ್ರತ್ಯೇಕ ಕೋಣೆ ಇರುವ ಹಾಸ್ಟೆಲ್‌ಗಳಿವೆ. ಕಡಲ ಹತ್ತಿರವೇ ಇರಬೇಕು ಅನ್ನುವ ಆಸೆ ಮಾರ್ಚ್‌ನಲ್ಲಿ ಬೇಡ. ನೀರು 14 ಡಿಗ್ರಿ ಆಸುಪಾಸು ಇರುತ್ತದೆ, ಈಜುವವರು ಕಡಿಮೆ.

ಇನ್ನು ಆ ಊರಿನ ಗಡಿಯಾರ. ಇದನ್ನು ಹಿಡಿದರೆ ಅರ್ಧ ಪ್ರವಾಸ ಗೆದ್ದಂತೆ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿ ಊಟ ಒಂಬತ್ತರ ಮೇಲೆ, ನಡುವೆ ಹೋಟೆಲುಗಳಲ್ಲಿ ಅಡುಗೆಮನೆ ಬಂದ್. ಸಣ್ಣ ಅಂಗಡಿಗಳು ಎರಡರಿಂದ ಐದರವರೆಗೆ ಬಾಗಿಲು ಹಾಕುತ್ತವೆ. ಜರ್ಮನಿಯ ಲೆಕ್ಕದಲ್ಲಿ ಹನ್ನೆರಡಕ್ಕೆ, ಆರಕ್ಕೆ ಊಟ ಹುಡುಕಿದರೆ ಸುಮ್ನೆ ಅಲೆದಾಟ. ಕಲಬುರಗಿಯವರಿಗೆ ಇದು ಹೊಸದೇನಲ್ಲ, ಏಪ್ರಿಲ್ ಮಧ್ಯಾಹ್ನ ನಮ್ಮ ಸೂಪರ್ ಮಾರ್ಕೆಟ್ ಕಡೆ ಯಾರು ಓಡಾಡುತ್ತಾರೆ ಹೇಳಿ. ಬೆಳಗ್ಗೆ ಒಂಬತ್ತರಿಂದ ಒಂದೂವರೆ ತನಕ ಸುತ್ತಿ, ನಿಧಾನಕ್ಕೆ ಊಟ ಮಾಡಿ, ಐದರ ತನಕ ಮಲಗಿ, ಆಮೇಲೆ ರಾತ್ರಿ ಹನ್ನೊಂದರ ತನಕ ಮತ್ತೆ ಊರು ನಿಮ್ಮದು. ರಾತ್ರಿ ಹತ್ತು ಡಿಗ್ರಿಗೆ ಇಳಿಯುತ್ತದೆ, ಹಗಲಿನ ಬಿಸಿಲು ನೋಡಿ ಸ್ವೆಟರ್ ಬಿಟ್ಟು ಹೋಗಬೇಡಿ.

ಸಸ್ಯಾಹಾರಿಗಳು ಒಂದಿಷ್ಟು ವಾಕ್ಯ ಬಾಯಿಪಾಠ ಮಾಡಿ. ಹುಡುಗರು "ಸೋಯ್ ವೆಹೆತಾರಿಯಾನೊ", ಹುಡುಗಿಯರು "ಸೋಯ್ ವೆಹೆತಾರಿಯಾನಾ". ಅಷ್ಟಕ್ಕೇ ನಿಲ್ಲಿಸಬೇಡಿ, "ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಅತೂನ್" ಅಂತಲೂ ಹೇಳಿ. ಮಾಂಸ, ಮೀನು, ಹಂದಿಮಾಂಸ, ಟ್ಯೂನಾ ಬೇಡ ಅಂತ. ಟ್ಯೂನಾ ಬೇರೆಯಾಗಿ ಯಾಕೆ ಅಂದರೆ, ಮಿಕ್ಸ್ ಸಲಾಡ್ ಹೇಳಿದರೆ ಅದರ ಮೇಲೆ ಟ್ಯೂನಾ ಹಾಕಿಯೇ ತರುವ ರೂಢಿ ಅಲ್ಲಿದೆ. ಪಾಯೆಯಾ ಅನ್ನುವ ಅಕ್ಕಿಯ ಅಡುಗೆ ಹುಟ್ಟಿದ ಊರು ಇದು, ಆದರೆ ಅಸಲಿ ವಲೆನ್ಸಿಯಾ ಪಾಯೆಯಾದಲ್ಲಿ ಕೋಳಿ ಮತ್ತು ಮೊಲದ ಮಾಂಸ ಇರುತ್ತದೆ. ತರಕಾರಿಯದ್ದು ಬೇಕು ಅಂದರೆ "ಪಾಯೆಯಾ ದೆ ವೆರ್ದೂರಾಸ್" ಅನ್ನಿ, ಯಾವ ಸಾರಿನಲ್ಲಿ ಬೇಯಿಸುತ್ತೀರಿ ಅಂತಲೂ ಕೇಳಿ. ಸಾಮಾನ್ಯವಾಗಿ ಇಬ್ಬರಿಗೆ ಕಡಿಮೆ ಮಾಡಿಕೊಡುವುದಿಲ್ಲ, ಅದನ್ನು ಮಧ್ಯಾಹ್ನವೇ ತಿನ್ನುವುದು ಅಲ್ಲಿನ ಪದ್ಧತಿ. ತೋರ್ತಿಯಾ ಅಂದರೆ ಆಲೂಗಡ್ಡೆ, ಮೊಟ್ಟೆ ಎರಡೂ ಇರುತ್ತವೆ, ಮೊಟ್ಟೆ ತಿನ್ನದವರು ದೂರ ಇರಿ. ಟೊಮೆಟೊ ಉಜ್ಜಿದ ಬ್ರೆಡ್ಡು, ಕರಿದ ಹಸಿ ಮೆಣಸಿನಕಾಯಿ, ಸುಟ್ಟ ಬದನೆಕಾಯಿ ಸಿಗುತ್ತವೆ. ಬದನೆಕಾಯಿಯ ಜೊತೆ ನಿಮ್ಮ ಖಡಕ್ ರೊಟ್ಟಿ ಮುರಿದು ತಿಂದು ನೋಡಿ, ಬೇರೆ ಏನೂ ಬೇಡ. ಫಾಯಾಸ್ ಸಮಯದಲ್ಲಿ ಬೀದಿ ಬೀದಿಯಲ್ಲಿ ಕುಂಬಳಕಾಯಿ ಹಿಟ್ಟಿನ ಬೊಂಡ ಕರಿಯುತ್ತಾರೆ, ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ.

ಓರ್ಚಾತಾ ಕುಡಿಯದೆ ಬರಬೇಡಿ. ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದೆ, ಆದರೆ ಹಾಲಿಲ್ಲ. ಚೂಫಾ ಅನ್ನುವ ಸಣ್ಣ ಗಡ್ಡೆಯನ್ನು ನೆನೆಸಿ, ಅರೆದು, ಸೋಸಿ, ಸಕ್ಕರೆ ಹಾಕಿ ತಣ್ಣಗೆ ಕೊಡುತ್ತಾರೆ. ನಮ್ಮ ಹೊಲಗಳಲ್ಲಿ ರೈತರು ಕಿತ್ತು ಕಿತ್ತು ಬೇಸತ್ತಿರುವ ಜೇಕು ಇದೆಯಲ್ಲ, ಅದೇ ಕುಲದ ಗಿಡ ಇದು. ಊರಿನ ಉತ್ತರಕ್ಕಿರುವ ಅಲ್ಬೊರಾಯಾದ ಹೊಲಗಳಲ್ಲಿ ಬೆಳೆಯುತ್ತಾರೆ, 3ನೇ ಲೈನ್ ಮೆಟ್ರೋದಲ್ಲಿ ಹೋಗಬಹುದು. ಬಾಟಲಿಯದ್ದು ಬೇಡ. ಅಂಗಡಿಯಲ್ಲಿ ಅವತ್ತೇ ಮಾಡಿದ್ದು ಕೇಳಿ.

ನೋಡುವುದರಲ್ಲಿ ಮೊದಲನೆಯದು ತೂರಿಯಾ ಉದ್ಯಾನ. ಇದು ಹಿಂದೆ ನದಿಯ ಪಾತ್ರ. 1957ರ ಅಕ್ಟೋಬರ್ 14ರಂದು ತೂರಿಯಾ ನದಿ ಉಕ್ಕಿ ಊರು ಮುಳುಗಿತು, ಜನ ಸತ್ತರು. ಆಮೇಲೆ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿದರು. ಖಾಲಿಯಾದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆ ಇತ್ತು. ಜನ ಒಪ್ಪಲಿಲ್ಲ, ನಮಗೆ ಹಸಿರು ಬೇಕು ಅಂತ ಹೋರಾಡಿದರು. ಈಗ ಅದು ಸುಮಾರು 9 ಕಿಲೋಮೀಟರ್ ಉದ್ದದ ತೋಟ. ಸೈಕಲ್ ಬಾಡಿಗೆಗೆ ತಗೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ತಲೆ ಮೇಲೆ ಒಂದೊಂದಾಗಿ ಹಳೇ ಸೇತುವೆಗಳು ಬರುತ್ತಾ ಹೋಗುತ್ತವೆ. ಅವು ನೀರಿಗಾಗಿ ಕಟ್ಟಿದ ಸೇತುವೆಗಳು, ಕೆಳಗೆ ಮಾತ್ರ ಮಕ್ಕಳು ಫುಟ್‌ಬಾಲ್ ಆಡುತ್ತಿರುತ್ತಾರೆ. ಕೊನೆಗೆ ಬೆಳ್ಳಗಿನ ದೊಡ್ಡ ಕಟ್ಟಡಗಳ ಸಾಲು, ಕಲೆ ಮತ್ತು ವಿಜ್ಞಾನ ನಗರಿ, ಹೆಚ್ಚಿನವು ಇದೇ ಊರಿನ ವಾಸ್ತುಶಿಲ್ಪಿ ಸಾಂತಿಯಾಗೊ ಕಲಾತ್ರಾವಾ ವಿನ್ಯಾಸ ಮಾಡಿದವು. ಹೊರಗಿನಿಂದ ನೋಡುವುದಕ್ಕೆ ದುಡ್ಡಿಲ್ಲ, ಅಷ್ಟು ಸಾಕು. ಒಳಗಿನ ಅಕ್ವೇರಿಯಂ ಟಿಕೆಟ್ ವಿದ್ಯಾರ್ಥಿಗೆ ಭಾರ.

2024ರ ಅಕ್ಟೋಬರ್ 29ರಂದು ಈ ಪ್ರಾಂತ್ಯದಲ್ಲಿ ಮತ್ತೆ ಭಾರೀ ಪ್ರವಾಹ ಬಂತು, 220ಕ್ಕಿಂತ ಹೆಚ್ಚು ಜನ ತೀರಿಕೊಂಡರು. ತಿರುಗಿಸಿದ ನದಿಯಿಂದಾಗಿ ಊರಿನ ಮಧ್ಯಭಾಗ ಉಳಿಯಿತು, ದಕ್ಷಿಣದ ಪಟ್ಟಣಗಳು ಮುಳುಗಿದವು. 2020ರಲ್ಲಿ ಭೀಮಾ ನದಿ ಉಕ್ಕಿದಾಗ ನಮ್ಮ ಹಳ್ಳಿಗಳು ಏನು ಅನುಭವಿಸಿದವು ಅಂತ ನಿಮಗೆ ಗೊತ್ತಿದೆ. ಅಲ್ಲಿಯವರ ಜೊತೆ ಆ ಮಾತು ಬಂದರೆ ಸಮಾಧಾನದಿಂದ ಕೇಳಿಸಿಕೊಳ್ಳಿ. ಮುಳುಗಿದ ಬಡಾವಣೆಗಳಿಗೆ ಫೋಟೋ ತೆಗೆಯಲು ಹೋಗಬೇಡಿ.

ನಿಮ್ಮ ವಾರದಲ್ಲಿ ಒಂದು ಗುರುವಾರ ಇರಲೇಬೇಕು. ಅದಕ್ಕೆ ಕಾರಣ ಇದೆ. ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಕ್ಯಾಥೆಡ್ರಲ್‌ನ ಅಪೊಸ್ತಲರ ಬಾಗಿಲ ಮುಂದೆ ನೀರಿನ ನ್ಯಾಯಾಲಯ ಕೂಡುತ್ತದೆ. ಕಬ್ಬಿಣದ ಸಣ್ಣ ಬೇಲಿ, ಒಳಗೆ ವರ್ತುಲವಾಗಿ ಹಾಕಿದ ಮರದ ಕುರ್ಚಿಗಳು. ಕಪ್ಪು ನಿಲುವಂಗಿ ತೊಟ್ಟ ಎಂಟು ಜನ ಬಂದು ಕೂರುತ್ತಾರೆ. ಅವರು ಕಾನೂನು ಓದಿದವರಲ್ಲ, ರೈತರು, ಆಯಾ ಕಾಲುವೆಯ ರೈತರೇ ಆರಿಸಿ ಕಳಿಸಿದವರು. ಒಬ್ಬ ಅಧಿಕಾರಿ ನಿಂತು ಒಂದೊಂದೇ ಕಾಲುವೆಯ ಹೆಸರು ಕೂಗುತ್ತಾನೆ, ಈ ಕಾಲುವೆಯಲ್ಲಿ ತಕರಾರು ಇದೆಯಾ ಅಂತ. ಇದ್ದರೆ ವಾದಿ, ಪ್ರತಿವಾದಿ ಇಬ್ಬರೂ ಬಾಯಿಮಾತಿನಲ್ಲೇ ಹೇಳಬೇಕು, ವಲೆನ್ಸಿಯಾ ಭಾಷೆಯಲ್ಲಿ, ವಕೀಲರಿಲ್ಲದೆ. ಅಲ್ಲೇ ತೀರ್ಪು, ಅದರ ಮೇಲೆ ಅಪೀಲು ಇಲ್ಲ. ಯಾರು ಸರದಿ ಮೀರಿ ನೀರು ತಗೊಂಡರು, ಯಾರು ಕಾಲುವೆ ಹೂಳು ತೆಗೆಯಲಿಲ್ಲ, ಇಂಥವೇ ವ್ಯಾಜ್ಯ. ಮಧ್ಯಯುಗದಿಂದ ನಡೆದುಬಂದ ಪದ್ಧತಿ, ಕಾಲುವೆಗಳ ವ್ಯವಸ್ಥೆ ಬೆಳೆದದ್ದು ಅಲ್ಲಿ ಮುಸ್ಲಿಂ ಆಳ್ವಿಕೆ ಇದ್ದಾಗ. 2009ರಲ್ಲಿ ಯುನೆಸ್ಕೋ ಇದನ್ನೂ ಪಟ್ಟಿಗೆ ಸೇರಿಸಿತು.

ತಕರಾರು ಇಲ್ಲದ ದಿನ ಇದೆಲ್ಲ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಪ್ರವಾಸಿಗರು ಇಷ್ಟೇನಾ ಅಂತ ಹೊರಡುತ್ತಾರೆ. ಆದರೆ ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವ ಮನೆಯಿಂದ ಬಂದವರು, ಮೇಲಿನವರು ತೂಬು ಎತ್ತಿದರೆ ಕೆಳಗಿನ ಹತ್ತಿ ಒಣಗುವುದನ್ನು ಕಂಡ ಶಹಾಪುರ, ಸುರಪುರ ಕಡೆಯ ಮಕ್ಕಳು, ಆ ಬೇಲಿಯ ಪಕ್ಕ ನಿಂತರೆ ಇಷ್ಟೇನಾ ಅನ್ನುವುದಿಲ್ಲ. ತಕರಾರೇ ಇಲ್ಲದ ಗುರುವಾರ ಅಂದರೆ ಆ ವಾರ ಎಲ್ಲರಿಗೂ ನ್ಯಾಯವಾಗಿ ನೀರು ಹೋಗಿದೆ ಅಂತಲೇ ಅರ್ಥ. ಬೀದರಿನವರಿಗೆ ನೌಬಾದ್ ಕರೇಜ್ ನೆನಪಾಗುತ್ತದೆ, ಬಹಮನಿ ಕಾಲದ ಆ ನೆಲದೊಳಗಿನ ನೀರಿನ ಸುರಂಗ. ಹನ್ನೊಂದೂವರೆಗೇ ಹೋಗಿ ಬೇಲಿ ಹತ್ತಿರ ಜಾಗ ಹಿಡಿಯಿರಿ, ಹಿಂದೆ ನಿಂತರೆ ಏನೂ ಕೇಳುವುದಿಲ್ಲ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಲೋಂಹಾ, ಅಂದರೆ ಹಳೇ ರೇಷ್ಮೆ ವ್ಯಾಪಾರದ ಭವನ. ಕಟ್ಟಲು ಶುರು ಮಾಡಿದ್ದು 1482ರಲ್ಲಿ. ಬೀದರಿನಲ್ಲಿ ಮಹಮೂದ್ ಗಾವಾನ್, ತಾನೇ ವ್ಯಾಪಾರಿಯಾಗಿ ಬಂದು ಮಂತ್ರಿಯಾದವನು, ಮದರಸಾ ಕಟ್ಟಿಸಿದ್ದು 1472ರಲ್ಲಿ. ಹತ್ತು ವರ್ಷದ ಅಂತರ ಅಷ್ಟೇ. ಒಳಗೆ ಹಗ್ಗ ಹೊಸೆದಂತೆ ತಿರುಚಿದ ಎತ್ತರದ ಕಲ್ಲುಕಂಬಗಳು. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಲ್ಯಾಟಿನ್ ಬರಹ: ಮಾತಿನಲ್ಲಿ ಮೋಸ ಮಾಡದ, ಬಡ್ಡಿಗೆ ಸಾಲ ಕೊಡದ ವ್ಯಾಪಾರಿ ಸಿರಿವಂತನಾಗುತ್ತಾನೆ ಅನ್ನುವ ಅರ್ಥದ್ದು. ಟಿಕೆಟ್ ಬಲು ಅಗ್ಗ. ಎದುರಿಗೇ 1928ರಲ್ಲಿ ತೆರೆದ ಸೆಂಟ್ರಲ್ ಮಾರ್ಕೆಟ್, ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ, ಭಾನುವಾರ ರಜೆ. ಕಿತ್ತಳೆ ಇಲ್ಲೇ ಕೊಳ್ಳಿ. ಬೀದಿ ಬದಿಯ ಗಿಡದಲ್ಲಿ ಗೊಂಚಲು ಗೊಂಚಲು ಕಿತ್ತಳೆ ತೂಗುತ್ತಿರುತ್ತವೆ, ಅವು ಕಹಿ.

ಕ್ಯಾಥೆಡ್ರಲ್ ಪಕ್ಕದ ಮಿಗೆಲೆತೆ ಗೋಪುರಕ್ಕೆ 207 ಮೆಟ್ಟಿಲು, ಸಂಜೆ ಹತ್ತಿ. ಮಾಲ್ವರೋಸಾ ಬೀಚಿಗೆ ಟ್ರಾಮ್ ಹೋಗುತ್ತದೆ. ಈ ಕಡಲು ಊರಿನ ಪೂರ್ವಕ್ಕಿದೆ, ಹಾಗಾಗಿ ಸೂರ್ಯ ಮುಳುಗುವುದು ನೋಡಲು ಬೀಚಿಗೆ ಹೋಗಬೇಡಿ, ಹುಟ್ಟುವುದು ನೋಡಲು ಹೋಗಿ. ಪಕ್ಕದಲ್ಲೇ ಕಬಾನ್ಯಾಲ್, ಮೀನುಗಾರರ ಹಳೇ ಓಣಿಗಳು, ಮನೆಗಳ ಮುಂಗೋಡೆಗೆಲ್ಲ ಬಣ್ಣದ ಹೆಂಚು. ಅಲ್ಲಿ ಜನ ವಾಸ ಇದ್ದಾರೆ, ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ. ಸೂರ್ಯಾಸ್ತ ಬೇಕಾದರೆ ದಕ್ಷಿಣದ ಅಲ್ಬುಫೇರಾ ಸರೋವರಕ್ಕೆ ಹೋಗಿ, ಸುತ್ತ ಭತ್ತದ ಗದ್ದೆಗಳು, ಸಿಟಿ ಬಸ್ಸೇ ಹೋಗುತ್ತದೆ. ಕೊನೆಯ ಬಸ್ ಎಷ್ಟಕ್ಕೆ ಅಂತ ಇಳಿಯುವಾಗಲೇ ನೋಡಿಕೊಳ್ಳಿ.

ದುಡ್ಡಿನ ಮಾತು. ವೀಸಾಕ್ಕಾಗಿ ಮೊದಲೇ ದುಡ್ಡು ಕಟ್ಟಿಟ್ಟ ಜರ್ಮನಿಯ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬರುವುದು 992 ಯೂರೋ, ಅದರಲ್ಲೇ ಬಾಡಿಗೆ, ವಿಮೆ ಎಲ್ಲ. ಅಪ್ಪ ಮಾಡಿದ ಸಾಲದ ಕಂತು ಊರಲ್ಲಿ ಓಡುತ್ತಿರುತ್ತದೆ. ಪ್ರವಾಸದ ದುಡ್ಡು ಪಾರ್ಟ್‌ಟೈಮ್ ಕೆಲಸದಿಂದ ಉಳಿಸಿದ್ದಾಗಿರಲಿ, ಅಕ್ಟೋಬರ್‌ನಿಂದಲೇ ತೆಗೆದಿಡಿ. ಜರ್ಮನಿಯ ಕೆಲವು ಬ್ಯಾಂಕ್ ಕಾರ್ಡುಗಳು ಹೊರದೇಶದಲ್ಲಿ ನಡೆಯುವುದಿಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತು ಇರುವುದು ಒಯ್ಯಿರಿ. ಮಧ್ಯಾಹ್ನದ "ಮೆನು ದೆಲ್ ದಿಯಾ" ಊಟ ಹೊಟ್ಟೆ ತುಂಬಾ ಕೊಡುತ್ತಾರೆ, ಅದನ್ನು ಮಾಡಿ ರಾತ್ರಿ ಮಾರ್ಕೆಟ್ ಹಣ್ಣು, ರೊಟ್ಟಿ ಹಿಂಡಿಗೆ ಮುಗಿಸಿ. ಸೂಪರ್‌ಮಾರ್ಕೆಟುಗಳು ಭಾನುವಾರ ಹೆಚ್ಚಾಗಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತನ್ನಿ. ಗುಂಪಿನಲ್ಲಿ ಜೇಬುಗಳ್ಳರಿರುತ್ತಾರೆ, ಫೋನ್ ಹಿಂದಿನ ಜೇಬಿನಲ್ಲಿ ಬೇಡ. ತುರ್ತಿಗೆ 112. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಸ್ಪೇನಿನಲ್ಲಿರುವ ಭಾರತೀಯ ರಾಯಭಾರ ಕಚೇರಿ.

ಮನೆಗೆ ಫೋನ್ ಮಾಡುವ ಹೊತ್ತನ್ನು ಮೊದಲೇ ಹೇಳಿಬಿಡಿ. ಅಲ್ಲಿ ರಾತ್ರಿ ಊಟ ಮುಗಿಸಿ ಹತ್ತಕ್ಕೆ ಮಾಡಿದರೆ ಇಲ್ಲಿ ರಾತ್ರಿ ಎರಡೂವರೆ, ಅವ್ವ ಎದ್ದು ಕೂತು ಕಾಯುತ್ತಿರುತ್ತಾಳೆ. ಮಧ್ಯಾಹ್ನ ಊಟದ ಮೊದಲು ಎರಡು ಗಂಟೆಗೆ ಮಾಡಿ, ಇಲ್ಲಿ ಸಂಜೆ ಆರೂವರೆ, ಎಲ್ಲರೂ ಮನೆಯಲ್ಲಿರುತ್ತಾರೆ. ಫಾಯಾಸ್ ದಿನಗಳಲ್ಲಿ ಮಾತ್ರ ಎರಡು ಗಂಟೆಗೆ ಪಟಾಕಿ, ಮೂರಕ್ಕೆ ಮಾಡಿ. ಮಾರ್ಚ್ ಕೊನೆಯ ಭಾನುವಾರ ನಸುಕಿನಲ್ಲಿ ಯುರೋಪಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆಮೇಲೆ ನಮಗೂ ಅವರಿಗೂ ಅಂತರ ಮೂರೂವರೆ ಗಂಟೆ. ವಾಪಸ್ ವಿಮಾನ ಆ ಭಾನುವಾರವೇ ಇದ್ದರೆ ಒಂದು ಗಂಟೆ ನಿದ್ದೆ ಕಡಿಮೆ ಅಂತ ಲೆಕ್ಕ ಹಾಕಿಕೊಂಡು ಶನಿವಾರ ರಾತ್ರಿಯೇ ಬ್ಯಾಗ್ ಕಟ್ಟಿಡಿ, ಬೆಳಗಿನ ಮೊದಲ ಮೆಟ್ರೋ ಎಷ್ಟಕ್ಕೆ ಅಂತಲೂ ಆಗಲೇ ನೋಡಿಟ್ಟುಕೊಳ್ಳಿ.